ಹನ್ನೊಂದು ವರ್ಷದ ದೋಸ್ತಿ: ಹೇಳಿಬಿಡಲಾ, ಸುಮ್ನಿರಲಾ?

ಪ್ರಶ್ನೆ: ನನಗೆ 27 ವರ್ಷ. ಊರು ಕಲಬುರಗಿ, ಕೆಲಸ ಸೇಡಂನ ಒಂದು ಬ್ಯಾಂಕಿನಲ್ಲಿ. ಪಿಯುಸಿ ಮೊದಲ ವರ್ಷದಿಂದ ಒಬ್ಬ ಖಾಸ್ ದೋಸ್ತ ಇದ್ದಾನೆ. ಅವರದ್ದು ದಾಲ್ ಮಿಲ್. ಹೈದರಾಬಾದಿಗೆ ಹೋಗಿ ಎಂ.ಎ. ಮಾಡಬೇಕು ಅಂತಿದ್ದ. ಅವರಪ್ಪ ಬೇಡ ಅಂದರು, ಮಿಲ್ಲಿನಲ್ಲಿ ಕೂತ. ದಿನಾ ರಾತ್ರಿ ಫೋನಿನಲ್ಲಿ ಮಾತಾಡುತ್ತೇವೆ. ಹೋದ ವರ್ಷ ಅವನಿಗೆ ಶಹಾಬಾದಿನ ಹುಡುಗಿ ನೋಡಿದರು. ನನಗೆ ಎರಡು ದಿನ ಊಟ ಸೇರಲಿಲ್ಲ. ಆ ಸಂಬಂಧ ಕೂಡಿ ಬರಲಿಲ್ಲ ಅಂದಾಗ ಖುಷಿ ಆಯ್ತು, ಖುಷಿ ಆಯ್ತಲ್ಲ ಅಂತ ನಾಚಿಕೆಯೂ ಆಯ್ತು. ಒಂದು ಸಲ ಅವರಮ್ಮ "ಇವನಿಗೆ ರಾಖಿ ಕಟ್ಟು" ಅಂದರು, ಅವನು ನಕ್ಕು ಎದ್ದು ಹೋದ. ನಮ್ಮ ಜಾತಿ ಬೇರೆ, ಅವರ ಜಾತಿ ಬೇರೆ. ನಮ್ಮಪ್ಪ ಕೆಕೆಆರ್‌ಟಿಸಿ ಕಂಡಕ್ಟರ್, ಬರುವ ಮೇ ತಿಂಗಳಲ್ಲಿ ರಿಟೈರ್ ಆಗುತ್ತಾರೆ. ಎಳ್ಳಅಮಾವಾಸ್ಯೆ ಮುಗಿದ ಮೇಲೆ ಬೀದರಿನ ಒಬ್ಬ ಲೆಕ್ಚರರ್ ಮನೆಯವರು ಕನ್ಯಾ ನೋಡೋಕೆ ಬರುತ್ತಾರೆ. ಇವನಿಗೆ ಹೇಳಿದರೆ ಇರೋ ದೋಸ್ತಿಯೂ ಹೋಗುತ್ತೇನೋ ಅಂತ ಭಯ. ಇಷ್ಟು ವರ್ಷ ಮನೆಯವನ ಹಾಗೆ ಇದ್ದವನ ಮೇಲೆ ಹೀಗನಿಸೋದೇ ತಪ್ಪಾ? ಅವನ ತಂಗಿ ನನಗೆ ತುಂಬಾ ಹತ್ತಿರ. ಮೊದಲು ಅವಳ ಕಿವಿಗೆ ಹಾಕಲಾ?

ಉತ್ತರ:

ತಪ್ಪಾ ಅಂತ ಕೇಳಿದ್ದೀರಿ. ಅದನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ನಿಮ್ಮ ನಿಜವಾದ ಪ್ರಶ್ನೆ ಅಲ್ಲ. ತಪ್ಪಲ್ಲ. ಒಂದೇ ಮನೆಯಲ್ಲಿ ಬೆಳೆದ ಮಕ್ಕಳಿಗೆ ದೊಡ್ಡವರಾದ ಮೇಲೆ ಒಬ್ಬರ ಮೇಲೊಬ್ಬರಿಗೆ ಆ ಥರದ ಆಸೆ ಹುಟ್ಟೋದು ಕಮ್ಮಿ ಅಂತ 1891ರಲ್ಲೇ ವೆಸ್ಟರ್‌ಮಾರ್ಕ್ ಎಂಬ ಫಿನ್ಲೆಂಡಿನ ಪಂಡಿತ ಬರೆದಿದ್ದ. ಆಮೇಲೆ ಇಸ್ರೇಲಿನಲ್ಲಿ ಎಲ್ಲರೂ ಕೂಡಿ ಬಾಳುವ ಕಿಬ್ಬುಟ್ಜ್ ಎಂಬ ಹಳ್ಳಿಗಳಲ್ಲಿ, ಹಸುಗೂಸಿನಿಂದ ಒಟ್ಟಿಗೆ ಬೆಳೆದ ಮಕ್ಕಳ ಬಗ್ಗೆ ಜೋಸೆಫ್ ಶೆಫರ್ ಲೆಕ್ಕ ತೆಗೆದ. 2,700ಕ್ಕೂ ಜಾಸ್ತಿ ಮದುವೆಗಳಲ್ಲಿ ಒಂದೇ ಗುಂಪಿನಲ್ಲಿ ಬೆಳೆದವರು ಮದುವೆಯಾದದ್ದು ಬೆರಳೆಣಿಕೆಯಷ್ಟು ಮಾತ್ರ. ಆದರೆ ಅದೆಲ್ಲ ಆರು ವರ್ಷದೊಳಗೆ ಜೊತೆಗೆ ಬೆಳೆದವರ ಮಾತು. ನೀವು ಸಿಕ್ಕಿದ್ದು ಹದಿನಾರಕ್ಕೆ. ಅಷ್ಟಕ್ಕೂ ನಮ್ಮ ಕಡೆ ಯಾರು ಯಾರಿಗೆ ಇದನ್ನು ಹೇಳೋದು? ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಜಾಸ್ತಿ ಇವತ್ತಿಗೂ ರಕ್ತಸಂಬಂಧದಲ್ಲೇ ಆಗುತ್ತಿವೆ. ಸೋದರಮಾವನನ್ನೂ ಅತ್ತೆ ಮಗನನ್ನೂ ಕಟ್ಟಿಕೊಂಡವರು ನಿಮಗೆ "ಅವನು ಮನೆ ಹುಡುಗ ಇದ್ದಂಗ ಅಲ್ಲೇನು" ಅಂದರೆ, ನಕ್ಕು ಸುಮ್ನಾಗಿ.

ಗೆಳೆಯರಾಗಿದ್ದು ಆಮೇಲೆ ಜೋಡಿಯಾಗೋದು ಅಪರೂಪವೂ ಅಲ್ಲ. ಕೆನಡಾದ ಡಾನು ಸ್ಟಿನ್‌ಸನ್ ಮತ್ತು ಅವರ ಜೊತೆಗಾರರು 2021ರಲ್ಲಿ 1,897 ಜನರ ಉತ್ತರಗಳನ್ನು ಒಟ್ಟುಹಾಕಿ ನೋಡಿದಾಗ, ಮೂರರಲ್ಲಿ ಎರಡು ಪಾಲು ಜನ ತಮ್ಮ ಸಂಬಂಧ ಸ್ನೇಹದಿಂದಲೇ ಶುರುವಾಯಿತು ಅಂದಿದ್ದರು. ಅದರಲ್ಲಿ ಒಂದು ಗುಂಪಿನ ಕಾಲೇಜು ಹುಡುಗ ಹುಡುಗಿಯರು ಪ್ರೀತಿಗೆ ಮೊದಲು ದೋಸ್ತರಾಗಿದ್ದದ್ದು ಸರಾಸರಿ 22 ತಿಂಗಳು. ನಿಮ್ಮದು ಹನ್ನೊಂದು ವರ್ಷ. ಇದು ಅಲ್ಲಿಯ ಲೆಕ್ಕ, ನಮ್ಮ ಊರಿಗೆ ಹಾಗೇ ತಂದು ಹಚ್ಚೋಕೆ ಬರಲ್ಲ. ಅಲ್ಲಿ ಹೇಳಿಕೊಂಡ ಮೇಲೆ ಮುಂದಿನದು ಇಬ್ಬರ ವಿಚಾರ. ಇಲ್ಲಿ ಹೇಳಿಕೊಂಡ ಮಾರನೇ ದಿನ ಎರಡು ಮನೆ, ಎರಡು ಓಣಿ, ನಿಮ್ಮ ದೊಡ್ಡಪ್ಪ, ಅವನ ಸೋದರತ್ತೆ, ಎಲ್ಲರೂ ಬರುತ್ತಾರೆ. ನಿಮಗೆ ಭಯ ಆಗೋದು ಸಹಜ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹೇಳಿದರೆ ದೋಸ್ತಿ ಹೋಗುತ್ತೆ ಅಂತ ಬರೆದಿದ್ದೀರಿ. ಹೇಳದಿದ್ದರೆ ದೋಸ್ತಿ ಉಳಿಯುತ್ತೆ ಅಂತ ನಿಮಗೆ ಯಾರು ಹೇಳಿದರು? ಸ್ವಲ್ಪ ಮುಂದಕ್ಕೆ ಯೋಚನೆ ಮಾಡಿ. ಬೀದರಿನವರು ಬಂದರು, ಚಹಾ ಉಪ್ಪಿಟ್ಟು ಆಯ್ತು, ಒಪ್ಪಿಗೆ ಆಯ್ತು, ಏಪ್ರಿಲ್‌ನಲ್ಲಿ ಮದುವೆ. ಜೂನ್ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ, ಗಂಡ ಪಕ್ಕದಲ್ಲಿ ಮಲಗಿರುವಾಗ, ನೀವು ಇವನಿಗೆ ಫೋನ್ ಹಚ್ಚಿ ಒಂದು ತಾಸು ಮಾತಾಡುತ್ತೀರಾ? ಇಲ್ಲ. ಅವನೂ ಎತ್ತಲ್ಲ. ಆಮೇಲೆ ಅವನಿಗೂ ಮದುವೆ ಆಗುತ್ತೆ. ವರ್ಷಕ್ಕೊಮ್ಮೆ ಜಾತ್ರೆಯಲ್ಲೋ ಯಾರದ್ದೋ ಮದುವೆಯಲ್ಲೋ ಸಿಕ್ಕಾಗ "ಹ್ಯಾಂಗಿದ್ದಿ, ಆರಾಮಾ" ಅನ್ನೋ ಪರಿಚಯ ಉಳಿಯುತ್ತೆ, ಅಷ್ಟೇ. ಅಂದರೆ ಈ ದೋಸ್ತಿ ಈಗ ಇರೋ ರೂಪದಲ್ಲಿ ಹೇಗಿದ್ದರೂ ಮುಗಿಯುತ್ತೆ. ನೀವು ಸುಮ್ನಿದ್ದು ಅದನ್ನು ಕಾಪಾಡುತ್ತಿಲ್ಲ. ಅದು ನಿಧಾನಕ್ಕೆ, ಯಾರ ಮೇಲೂ ತಪ್ಪು ಬರದ ಹಾಗೆ ಹೋಗಲಿ ಅಂತ ಬಿಡುತ್ತಿದ್ದೀರಿ, ಅಷ್ಟೇ ವ್ಯತ್ಯಾಸ. ನನ್ನ ಹತ್ತಿರ ಬರುವವರಲ್ಲಿ "ಹೇಳಿದೆ, ಅವನು ಬೇಡ ಅಂದ" ಅಂತ ಅಳುವವರೂ ಇದ್ದಾರೆ. ಆದರೆ ನಲವತ್ತು ದಾಟಿದ ಮೇಲೂ ಅದೇ ವಿಷಯ ತೆಗೆಯುವವರು ಸಾಮಾನ್ಯವಾಗಿ ಹೇಳದೇ ಉಳಿದವರು.

ಹಾಗಾಗಿ ನನ್ನ ಉತ್ತರ: ಹೇಳಿ. ಕನ್ಯಾ ನೋಡೋಕೆ ಬರುವ ಮೊದಲೇ ಹೇಳಿ.

ಆದರೆ ಹೇಳೋಕೆ ಮುಂಚೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಅದರಲ್ಲಿ ನೀವು ರಾಖಿಯ ವಿಷಯ ಬರೆದಿದ್ದೀರಿ. ಅವನು ನಕ್ಕು ಎದ್ದು ಹೋದದ್ದು ನಿಮಗೆ ದೊಡ್ಡ ಗುರುತಾಗಿ ಕಂಡಿದೆ. ಇರಬಹುದು. ಅಥವಾ ಅವನಿಗೆ ಅಮ್ಮನ ಮಾತೇ ಕಿರಿಕಿರಿ ಆಗಿರಬಹುದು, ಹೊರಗೆ ಯಾರೋ ಕರೆದಿರಬಹುದು. ಇಂಥ ಗುರುತುಗಳನ್ನು ಲೆಕ್ಕ ಹಾಕಿ ಯಾರ ಮನಸ್ಸೂ ತಿಳಿಯಲ್ಲ. ಅಮೆರಿಕದಲ್ಲಿ ಏಪ್ರಿಲ್ ಬ್ಲೆಸ್ಕಿ-ರೆಚೆಕ್ ಎಂಬ ಸಂಶೋಧಕಿ 2012ರಲ್ಲಿ 88 ಜೋಡಿ ಹುಡುಗ-ಹುಡುಗಿ ಗೆಳೆಯರನ್ನು ಬೇರೆ ಬೇರೆ ಕೂರಿಸಿ ಕೇಳಿದ್ದರು. ಗೆಳತಿಗೆ ನನ್ನ ಮೇಲೆ ಮನಸ್ಸಿದೆ ಅಂತ ಹುಡುಗರು ಇರೋದಕ್ಕಿಂತ ಜಾಸ್ತಿ ಅಂದುಕೊಂಡಿದ್ದರು. ಹುಡುಗಿಯರು ಅದಕ್ಕೆ ಉಲ್ಟಾ, ಗೆಳೆಯನ ಮನಸ್ಸಲ್ಲಿ ಇದ್ದದ್ದನ್ನೂ ಕಮ್ಮಿ ಅಂದಾಜು ಮಾಡಿದ್ದರು. ಅಂದರೆ ಎದುರಿಗಿದ್ದವರ ಮನಸ್ಸು ಅಂತ ಇಬ್ಬರೂ ಓದಿದ್ದು ತಮ್ಮದೇ ಮನಸ್ಸನ್ನು. ನೀವು ಸ್ಟೇಟಸ್ ನೋಡಿ, ಲಾಸ್ಟ್ ಸೀನ್ ನೋಡಿ, ಯಾವ ಹಾಡು ಹಾಕಿದ್ದಾನೆ ನೋಡಿ ಅರ್ಥ ಹುಡುಕುವುದನ್ನು ಇವತ್ತಿಗೇ ನಿಲ್ಲಿಸಿ. ಇನ್ನೊಂದು ಮಾತು. ಈಗ ತೊಗರಿ ಬರುವ ಸಮಯ. ಎಪಿಎಂಸಿಗೆ ಆವಕ ಜೋರಾದರೆ ಮಿಲ್ಲಿನವರಿಗೆ ಹಗಲು ರಾತ್ರಿ ಗೊತ್ತಾಗಲ್ಲ. ಫೋನ್ ಎತ್ತಲಿಲ್ಲ ಅಂದರೆ ಮನಸ್ಸಿಲ್ಲ ಅಂತ ತಿಳಿಯಬೇಡಿ. ಎತ್ತಿದ ಅಂದರೆ ಮನಸ್ಸಿದೆ ಅಂತಲೂ ತಿಳಿಯಬೇಡಿ.

ನಿಮ್ಮ ಮನಸ್ಸಿನ ಬಗ್ಗೆ ನನಗೆ ಜಾಸ್ತಿ ಅನುಮಾನ ಇಲ್ಲ. ಬೀದರಿನ ಸಂಬಂಧ ಬಂದ ಮೇಲೆ ಮಾತ್ರ ಹೀಗನಿಸಿದ್ದರೆ, ಇದು ಪ್ರೀತಿಯೋ ಮದುವೆಯ ಭಯವೋ ಅಂತ ನಾನೇ ಕೇಳುತ್ತಿದ್ದೆ. ಗೊತ್ತಿಲ್ಲದ ಮನೆಗೆ ಹೋಗುವ ಹೆದರಿಕೆಯಲ್ಲಿ ಗೊತ್ತಿರುವ ಮುಖ ಬಹಳ ಚಂದ ಕಾಣುತ್ತೆ, ಅದು ಎಲ್ಲರಿಗೂ ಆಗುವಂಥದ್ದೇ. ಆದರೆ ನಿಮಗೆ ಊಟ ಸೇರದೇ ಹೋದದ್ದು ಹೋದ ವರ್ಷ, ನಿಮ್ಮ ಮದುವೆ ಮಾತೇ ಇಲ್ಲದಿದ್ದಾಗ.

ನಾನು ನಿಂತು ನೋಡಿದ ಮಾತು ಬೇರೆ. "ಅವರಪ್ಪ ಬೇಡ ಅಂದರು, ಮಿಲ್ಲಿನಲ್ಲಿ ಕೂತ." ಇದನ್ನು ನೀವು ಸುಮ್ನೆ ಅವನ ಪರಿಚಯಕ್ಕೆ ಅಂತ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ಮುಖ್ಯ ಅನಿಸಿತು. ಹನ್ನೊಂದು ವರ್ಷದಲ್ಲಿ ಅವನಿಗೆ ಏನಿಷ್ಟ, ಯಾರ ಮೇಲೆ ಸಿಟ್ಟು, ಜ್ವರ ಬಂದಾಗ ಹೇಗಿರುತ್ತಾನೆ, ಎಲ್ಲಾ ನಿಮಗೆ ಗೊತ್ತು. ದೋಸ್ತಿಯಲ್ಲಿ ಗೊತ್ತಾಗದ ವಿಷಯವೂ ಇವೆ. ತನಗೆ ಬೇಕಾದ್ದಕ್ಕೆ ಅವನು ಮನೆಯಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲ ಅನ್ನೋದು ಅದರಲ್ಲಿ ಒಂದು. ದೋಸ್ತರಾಗಿದ್ದಾಗ ನೀವಿಬ್ಬರೂ ಒಂದೇ ಕಡೆ ಕೂತು ಬೇರೆಯವರ ಬಗ್ಗೆ ಮಾತಾಡುತ್ತೀರಿ. ನಿಮ್ಮ ಮ್ಯಾನೇಜರ್, ಅವನ ಅಪ್ಪ, ನಿಮ್ಮ ತಮ್ಮನ ಓದು. ಗಂಡ ಹೆಂಡತಿ ಆದ ದಿನದಿಂದ ಎದುರುಬದುರು ಕೂತು ನಿಮ್ಮಿಬ್ಬರ ಬಗ್ಗೆಯೇ ಮಾತಾಡಬೇಕು. ನಿಮ್ಮ ಸಂಬಳ ಯಾರ ಕೈಗೆ ಹೋಗುತ್ತೆ, ಸೇಡಂಗೆ ದಿನಾ ಓಡಾಡೋದು ಮುಂದುವರಿಯುತ್ತಾ, ಅವರಮ್ಮ ಮುಖ ಊದಿಸಿಕೊಂಡ ದಿನ ಅವನು ಯಾವ ಕೋಣೆಯಲ್ಲಿರುತ್ತಾನೆ. ಈ ಅವನನ್ನು ನೀವು ಇನ್ನೂ ನೋಡಿಲ್ಲ. ಹನ್ನೊಂದು ವರ್ಷ ಅಂತ ಹೇಳುವಾಗ ಈ ಭಾಗಕ್ಕೆ ಸೊನ್ನೆ ಹಾಕಿಕೊಳ್ಳಿ.

ಅವನು ಅಂಜುಬುರುಕ ಅಂತ ನಾನು ಹೇಳುತ್ತಿಲ್ಲ. ಒಬ್ಬನೇ ಮಗ, ಅಪ್ಪನಿಗೆ ವಯಸ್ಸಾಯ್ತು, ಮಿಲ್ಲಿನ ಮೇಲೆ ಸಾಲ, ಹೀಗಿದ್ದರೆ ಎಂ.ಎ. ಬಿಟ್ಟು ಕೂತದ್ದು ಜವಾಬ್ದಾರಿ ಇರಬಹುದು. ಇನ್ನು ಕೆಲವರು ಇರುತ್ತಾರೆ, ಅಪ್ಪ ಒಮ್ಮೆ ಗದರಿದರೆ ಸಾಕು, ತಮಗೆ ಅದು ಬೇಕೇ ಇರಲಿಲ್ಲ ಅನ್ನೋ ಹಾಗೆ ಮರೆತುಬಿಡುತ್ತಾರೆ, ಆಮೇಲೆ ಇಪ್ಪತ್ತು ವರ್ಷ ಹೆಂಡತಿ ಮೇಲೆ ಸಿಡಿಮಿಡಿ ಮಾಡುತ್ತಾರೆ. ಇವನು ಇವೆರಡರಲ್ಲಿ ಯಾರು ಅನ್ನೋದು ನನಗಿಂತ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವನನ್ನೇ ಕೇಳಿ: "ಅವತ್ತು ಹೈದರಾಬಾದ್ ಬಿಟ್ಟಿ ಅಲ್ಲ, ಅಪ್ಪನ ಮುಂದ ಏನಂದಿದ್ದಿ?" ಇದನ್ನು ಪ್ರೀತಿಯ ಮಾತಿಗೆ ಮೊದಲೇ ಕೇಳಬಹುದು, ದೋಸ್ತರ ಮಾತಿನ ಹಾಗೆಯೇ ಬರುತ್ತೆ. ಉತ್ತರವನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳಿ.

ಇನ್ನು ಹೇಗೆ ಹೇಳೋದು. ವಾಟ್ಸಾಪಿನಲ್ಲಿ ಬೇಡ. ಎರಡು ನೀಲಿ ಗೆರೆ ಬಿದ್ದು ಉತ್ತರ ಬರದ ಆ ಅರ್ಧ ಗಂಟೆ ನಿಮಗೆ ಬೇಡ, ಆಮೇಲೆ ಆ ಮೆಸೇಜಿನ ಸ್ಕ್ರೀನ್‌ಶಾಟ್ ಯಾರ ಯಾರ ಫೋನಿನಲ್ಲಿ ಸುತ್ತುತ್ತೆ ಅನ್ನೋ ಚಿಂತೆಯೂ ಬೇಡ. ಗೆಳೆಯರ ಗುಂಪಿನಲ್ಲಿ, ಯಾರದ್ದೋ ಹುಟ್ಟುಹಬ್ಬದಲ್ಲಿ, ತಮಾಷೆ ಮಾಡಿದ ಹಾಗೆ ಹೇಳೋದಂತೂ ಬೇಡವೇ ಬೇಡ. ತಮಾಷೆಯಾಗಿ ಹೇಳಿದರೆ ತಮಾಷೆಯಾಗಿಯೇ ಉತ್ತರ ಬರುತ್ತೆ, ಆಮೇಲೆ ಇಬ್ಬರೂ ನಕ್ಕಿದ್ದಕ್ಕೆ ಏನರ್ಥ ಅಂತ ಇನ್ನೊಂದು ಆರು ತಿಂಗಳು ತಲೆ ಕೆಡಿಸಿಕೊಳ್ಳುತ್ತೀರಿ. ಊರಿನ ಅಪ್ಪನ ಕೆರೆ ಕಡೆ ಸಂಜೆ ಹೊತ್ತು ಹೋಗಬೇಡಿ, ಅಲ್ಲಿ ವಾಕಿಂಗಿಗೆ ಬರುವವರಲ್ಲಿ ಅರ್ಧ ಜನ ನಿಮ್ಮಪ್ಪನಿಗೋ ಅವರಪ್ಪನಿಗೋ ಗೊತ್ತಿರುವವರೇ. ಸೇಡಂ ರಸ್ತೆಯ ಬುದ್ಧ ವಿಹಾರದ ಅಂಗಳ ದೊಡ್ಡದು, ಜನ ಇರುತ್ತಾರೆ ಆದರೆ ಕಿವಿಗೆ ಬೀಳುವಷ್ಟು ಹತ್ತಿರ ಇರಲ್ಲ. ಹೇಗೂ ಆ ರಸ್ತೆ ನಿಮಗೆ ದಿನದ ದಾರಿ. ಒಂದು ಭಾನುವಾರ ನಾಲ್ಕು ಗಂಟೆಗೆ ಹೋಗಿ. ಪುಣ್ಯಕ್ಕೆ ಇದು ಚಳಿಗಾಲ. ಮೇ ತಿಂಗಳಾಗಿದ್ದರೆ ನಮ್ಮೂರ ಬಿಸಿಲಿನಲ್ಲಿ ಪ್ರೀತಿಯಲ್ಲ, ಜಗಳವನ್ನೂ ಹೊರಗೆ ನಿಂತು ಮಾಡೋಕಾಗಲ್ಲ.

ಮಾತು ಚಿಕ್ಕದಿರಲಿ. ನಿಮ್ಮ ಭಾಷೆಯಲ್ಲೇ ಇರಲಿ. ಹೀಗೆ ಅನ್ನಬಹುದು: "ನೋಡು, ಬೀದರದವ್ರು ನನ್ನ ನೋಡ್ಲಿಕ್ಕ ಬರ್ಲತಾರ. ಅದಕ್ಕೂ ಮೊದಲ ನಿನಗ ಒಂದು ಮಾತು ಹೇಳಬೇಕು. ನನಗ ನಿನ್ನ ಮ್ಯಾಲ ಬರೇ ದೋಸ್ತಿ ಇಲ್ಲ. ಮದ್ವಿ ಆದ್ರ ನಿನ್ನ ಜೋಡಿನೇ ಆಗಬೇಕು ಅನಸ್ತದ. ನಿನಗ ಹಂಗಿಲ್ಲ ಅಂದ್ರ ಇಲ್ಲ ಅನ್ನು, ನಾ ತಡಕೋತೀನಿ. ಈಗೇ ಹೇಳಬೇಕು ಅಂತೇನಿಲ್ಲ, ಒಂದು ವಾರ ತಗೋ." ಇಷ್ಟೇ. ಹನ್ನೊಂದು ವರ್ಷದ ಉಪಕಾರಗಳ ಪಟ್ಟಿ ಓದಬೇಡಿ. ನೀನಿಲ್ಲದೆ ಬದುಕಲ್ಲ ಅನ್ನಬೇಡಿ. ಅದು ಪ್ರೀತಿ ಹೇಳಿದ ಹಾಗಲ್ಲ, ಬೇಡ ಅನ್ನುವ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿದ ಹಾಗೆ. ಅವನು "ಇಲ್ಲ" ಅನ್ನೋಕೆ ಜಾಗ ಇದ್ದರೆ ಮಾತ್ರ ಅವನ "ಹೂಂ"ಗೆ ಬೆಲೆ.

ಒಂದು ವಾರ ಅಂತ ಯಾಕೆ ಹೇಳಿದೆ ಅಂದರೆ, ನೀವು ಈ ವಿಷಯವನ್ನು ಒಂದು ವರ್ಷದಿಂದ ಮನಸ್ಸಲ್ಲಿ ಮಗುಚಿ ಹಾಕುತ್ತಿದ್ದೀರಿ. ಅವನಿಗೆ ಅದು ಆ ನಿಮಿಷದಲ್ಲಿ ಬಂದು ಬೀಳುತ್ತೆ. ಗಾಬರಿಯಲ್ಲಿ ಏನೋ ಅಂದುಬಿಡಬಹುದು, ನಗಲೂಬಹುದು. ಆ ಕ್ಷಣದ ಮುಖ ನೋಡಿ ತೀರ್ಮಾನಕ್ಕೆ ಬರಬೇಡಿ.

ಅವನು "ನನಗೂ" ಅಂದರೆ ಏನು ಮಾಡಬೇಕು ಅಂತ ಆಮೇಲೆ ಹೇಳುತ್ತೇನೆ. "ಇಲ್ಲ" ಅಂದರೆ ನೋವಾಗುತ್ತೆ, ಆದರೆ ದಾರಿ ನೇರ ಇದೆ. ಎರಡು ಮೂರು ತಿಂಗಳು ರಾತ್ರಿ ಫೋನು ಬಂದ್. ಸಿಟ್ಟಿಗಲ್ಲ, ನಿಮ್ಮ ಮನಸ್ಸು ಸರಿಹೋಗಲಿಕ್ಕೆ, ಅದನ್ನು ಅವನಿಗೆ ಹೇಳಿಯೇ ಬಂದ್ ಮಾಡಿ. "ಪರವಾಗಿಲ್ಲ, ಮೊದಲಿನ ಹಾಗೇ ಇರೋಣ" ಅಂತ ಮಾರನೇ ದಿನವೇ ಜೋಕ್ ಕಳಿಸುವವರನ್ನು ನೋಡಿದ್ದೇನೆ, ಅವರು ಮೊದಲಿನ ಹಾಗೆ ಇರಲ್ಲ, ಕಾಯುತ್ತಾ ಇರುತ್ತಾರೆ. ಮತ್ತೆ ಅವನ ಮೇಲಿನ ಹಠಕ್ಕೆ ಬೀದರಿನ ಸಂಬಂಧಕ್ಕೆ ತಟ್ಟನೆ ಒಪ್ಪಿಕೊಳ್ಳಬೇಡಿ. ಆ ಲೆಕ್ಚರರ್ ಯಾರದ್ದೋ ಮೇಲಿನ ಸಿಟ್ಟಿಗೆ ಸಿಗಬೇಕಾದವರಲ್ಲ. ಅವರನ್ನು ಅವರಾಗಿಯೇ ನೋಡುವಷ್ಟು ಮನಸ್ಸು ತಿಳಿಯಾದ ಮೇಲೆ ನೋಡಿ.

ಕಷ್ಟ ಇರೋದು ಮೂರನೇ ಉತ್ತರದಲ್ಲಿ, ಮತ್ತು ನಿಮಗೆ ಬರೋದು ಅದೇ ಅಂತ ನನ್ನ ಅಂದಾಜು. "ನಮ್ಮಪ್ಪ ಒಪ್ಪಂಗಿಲ್ಲ." ಕೇಳೋಕೆ ಇದು "ನನಗೂ ಇಷ್ಟ, ಆದರೆ" ಅಂದ ಹಾಗೆ ಇರುತ್ತೆ. ಕಣ್ಣಲ್ಲಿ ನೀರೂ ಬರಬಹುದು. ನೀವು ಕರಗಿ ಹೋಗುತ್ತೀರಿ, ಅವನನ್ನೇ ಸಮಾಧಾನ ಮಾಡಿ ಮನೆಗೆ ಬರುತ್ತೀರಿ, ದೋಸ್ತಿ ಅಂದರೆ ಅಭ್ಯಾಸ ಅದೇ ಅಲ್ವಾ. ಆದರೆ ನೀವು ಕೇಳಿದ್ದು ಅವರಪ್ಪನ ಮನಸ್ಸನ್ನಲ್ಲ. ಮೆತ್ತಗೆ ಮತ್ತೆ ಕೇಳಿ: "ಅಪ್ಪಂದು ಆಮ್ಯಾಲ. ನಿನಗೇನ್ ಅನಸ್ತದ?" ಅದಕ್ಕೆ ಹೌದು ಅಂದರೆ ಎರಡನೇ ಪ್ರಶ್ನೆ, ಅಪ್ಪನ ಹತ್ತಿರ ಯಾವಾಗ ಮಾತಾಡುತ್ತೀ. "ನೋಡೋಣ" ಅನ್ನೋದು ದಿನಾಂಕ ಅಲ್ಲ. "ಅಕ್ಕನ ಮದ್ವಿ ಆಗಲಿ", "ಈ ಸೀಸನ್ ಮುಗೀಲಿ", "ತೊಗರಿ ರೇಟು ಇಳದದ, ಈಗ ಅಪ್ಪನ ಮೂಡ್ ಸರಿಯಿಲ್ಲ", ಇವೂ ಅಲ್ಲ. ತೊಗರಿ ರೇಟು ನಮ್ಮ ಜಿಲ್ಲೆಯಲ್ಲಿ ಯಾವ ವರ್ಷ ಎಲ್ಲರ ಮೂಡಿಗೂ ಸರಿಯಾಗಿತ್ತು ಹೇಳಿ. ಸಂಕ್ರಾಂತಿ ಒಳಗೆ ಅಂತ ಒಂದು ಗಡಿ ಇಟ್ಟುಕೊಳ್ಳಿ. ಅಷ್ಟರಲ್ಲಿ ಅವನು ಮನೆಯಲ್ಲಿ ಬಾಯಿ ತೆಗೆಯದಿದ್ದರೆ, ಪ್ರೀತಿ ಇದ್ದರೂ ಆ ಉತ್ತರವನ್ನು "ಇಲ್ಲ" ಅಂತಲೇ ತಗೊಳ್ಳಿ. ಕಟುವಾಗಿ ಕೇಳಿಸಬಹುದು. ಆದರೆ ಈ "ನೋಡೋಣ"ದಲ್ಲಿ ಐದು ಆರು ವರ್ಷ ಕಳೆದುಕೊಂಡವರಲ್ಲಿ ಹುಡುಗಿಯರೇ ಜಾಸ್ತಿ. ಹುಡುಗನಿಗೆ 33 ಆದರೆ ಸಂಬಂಧ ಬರೋದು ನಿಲ್ಲಲ್ಲ, ಹುಡುಗಿಗೆ 32 ಆದರೆ ಓಣಿಯೇ ಲೆಕ್ಕ ಹಾಕುತ್ತೆ. ಇದು ನ್ಯಾಯ ಅಲ್ಲ, ಆದರೆ ನೀವಿರೋದು ಇಲ್ಲೇ.

ನಿಮ್ಮ ಮನೆಯ ಕಡೆಯೂ ಒಂದು ಕೆಲಸ ಇದೆ. ಅಪ್ಪ ಅವಸರ ಮಾಡುತ್ತಿರೋದು ನಿಮ್ಮ ಮೇಲಿನ ಹಠಕ್ಕಲ್ಲ. ಮೇನಲ್ಲಿ ಸಂಬಳ ನಿಲ್ಲುತ್ತೆ, ರಿಟೈರ್ ಆದಾಗ ಬರುವ ದುಡ್ಡಿನಲ್ಲಿ ಮದುವೆ, ತಮ್ಮನ ಓದು, ಮನೆ ರಿಪೇರಿ ಎಲ್ಲಾ ಅವರ ತಲೆಯಲ್ಲಿ ಓಡುತ್ತಿರುತ್ತೆ. ಜೀವನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದವರು, ಸರ್ವಿಸ್‌ನಲ್ಲಿ ಇರುವಾಗಲೇ ಮಗಳ ಮದುವೆ ಮಾಡಿದೆ ಅನ್ನಿಸಿಕೊಳ್ಳುವ ಆಸೆ ಇರುತ್ತೆ. ಅವರಿಗೆ ಸುಳ್ಳು ಹೇಳಬೇಡಿ. ಬ್ಯಾಂಕಿನ ಪ್ರಮೋಷನ್ ಪರೀಕ್ಷೆ ಅಂತ ನೆಪ ತೆಗೆಯಬೇಡಿ. "ಅಪ್ಪಾ, ನನಗೆ ಒಂದು ತಿಂಗಳು ಬೇಕು, ಕಾರಣ ಇದೆ, ತಿಂಗಳಾದ ಮೇಲೆ ನಾನೇ ಹೇಳುತ್ತೇನೆ" ಅಂತ ಕೇಳಿ. ಒಂದು ತಿಂಗಳು ಮುಂದೂಡಿದರೆ ಯಾವ ಸಂಬಂಧವೂ ಕೆಡಲ್ಲ. ಅದೇ ಅವರು ಬಂದು, ಒಪ್ಪಿ, ಮಾತುಕತೆ ಮುಗಿಸಿದ ಮೇಲೆ ಬೇಡ ಅಂದರೆ ಅಪ್ಪನ ಮುಖ ಏನಾಗುತ್ತೆ ಯೋಚಿಸಿ. ಬೀದರಿನವರಿಗೂ ಅದು ಅನ್ಯಾಯ.

ಜಾತಿ ವಿಷಯ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆಗಳು ನೂರಕ್ಕೆ ಸುಮಾರು 5. ಸುಲಭ ಅಂತ ನಾನು ಹೇಳಲ್ಲ. ಬಸವಕಲ್ಯಾಣ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದ ಕಥೆಯನ್ನು ನಾವೆಲ್ಲ ಶಾಲೆಯಿಂದ ಕೇಳುತ್ತಾ ಬೆಳೆದಿದ್ದೇವೆ, ಅದಕ್ಕೆ ಅವರು ತೆತ್ತ ಬೆಲೆಯನ್ನೂ ಕೇಳಿದ್ದೇವೆ. ಲಗ್ನಪತ್ರಿಕೆಯ ಮೇಲೆ ವಚನ ಅಚ್ಚು ಹಾಕಿಸುವ ಮನೆಗಳಲ್ಲೇ ಒಳಗೆ ಹುಡುಗಿ ಯಾವ ಪೈಕಿ ಅಂತ ಮೊದಲು ಕೇಳುತ್ತಾರೆ. ಅದಿರಲಿ. ಕಾನೂನು ನಿಮ್ಮ ಕಡೆ ಇದೆ. ಇಬ್ಬರೂ ಹಿಂದೂ ಮದುವೆ ಕಾಯ್ದೆಯೊಳಗೆ ಬರುವವರಾದರೆ, ಅದರಲ್ಲಿ ವೀರಶೈವ ಲಿಂಗಾಯತರು, ಬೌದ್ಧರು, ಜೈನರು, ಸಿಖ್ಖರು ಎಲ್ಲಾ ಸೇರುತ್ತಾರೆ, 1955ರ ಆ ಕಾಯ್ದೆಯಲ್ಲೇ ಮದುವೆಯಾಗಿ ನೋಂದಣಿ ಮಾಡಿಸಬಹುದು, ಜಾತಿ ಅಡ್ಡ ಬರಲ್ಲ. ಧರ್ಮವೇ ಬೇರೆ ಆಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮೊದಲು ನೋಟಿಸ್ ಕೊಡಬೇಕು, ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಚ್ಚುತ್ತಾರೆ, ಆಕ್ಷೇಪಣೆಗೆ 30 ದಿನ ಕಾಯಬೇಕು, ಮದುವೆ ದಿನ ಮೂವರು ಸಾಕ್ಷಿಗಳು ಬೇಕು. ವಯಸ್ಸಿಗೆ ಬಂದ ಇಬ್ಬರು ಮದುವೆಯಾಗಲು ಮನೆಯವರ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. ಯಾರಾದರೂ ಹೆದರಿಸಿದರೆ, ಕೈ ಎತ್ತಿದರೆ, 112 ಅಥವಾ ಮಹಿಳಾ ಸಹಾಯವಾಣಿ 181. ಇದನ್ನೆಲ್ಲ ತಿಳಿದಿರಲಿ ಅಂತ ಹೇಳಿದೆ, ನಾಳೆಯೇ ಓಡಿಹೋಗಿ ಅಂತ ಅಲ್ಲ. ನನ್ನ ಅನುಭವದಲ್ಲಿ ಈ ಕಡೆಯ ಅಪ್ಪಂದಿರು ಮೊದಲ ದಿನ ಕೂಗಾಡುತ್ತಾರೆ, ಎರಡನೇ ವಾರ ಮಾತು ಬಿಡುತ್ತಾರೆ, ಹುಡುಗ ಹುಡುಗಿ ಇಬ್ಬರೂ ಅಲ್ಲಾಡದೆ ನಿಂತರೆ ಎಷ್ಟೋ ಮನೆಗಳಲ್ಲಿ ಯಾರೋ ಒಬ್ಬ ಸೋದರಮಾವ ನಡುವೆ ಬಂದು ದಾರಿ ಮಾಡುತ್ತಾನೆ. ಒಬ್ಬರು ಅಲ್ಲಾಡಿದರೂ ಯಾವ ಮಾವನೂ ಬರಲ್ಲ.

"ನನಗೂ" ಅಂದರೆ? ಮೊದಲ ಕೆಲವು ತಿಂಗಳು ವಿಚಿತ್ರ ಅನಿಸುತ್ತೆ. "ಲೇ" ಅಂತ ಕರೆಯುತ್ತಿದ್ದವನ ಕೈ ಹಿಡಿದರೆ ನಗು ಬರುತ್ತೆ. ಮಾತಿಗೆ ಬರವಿಲ್ಲದವರು ಒಮ್ಮೆಲೇ ಏನು ಮಾತಾಡೋದು ಅಂತ ಕೂತಿರುತ್ತೀರಿ. ಸಿನಿಮಾದಲ್ಲಿ ತೋರಿಸುವ ಆ ಝಲ್ ಅನ್ನೋದು ಬರಲಿಲ್ಲ, ಹಾಗಾದರೆ ಇದು ಪ್ರೀತಿಯೇ ಅಲ್ವೇನೋ ಅಂತ ಗಾಬರಿಯಾಗಿ ಬರುವ ಜೋಡಿಗಳಿವೆ. ಸ್ವಲ್ಪ ಸಮಯ ಕೊಡಿ. ಆದರೆ ಒಂದು ವಿಷಯದಲ್ಲಿ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ, ದೇಹದ ವಿಷಯದಲ್ಲಿ. ಒಬ್ಬರ ಮೇಲೆ ಬಹಳ ಪ್ರೀತಿ, ಬಹಳ ನಂಬಿಕೆ ಇದ್ದೂ ಮುಟ್ಟಬೇಕು ಅನಿಸದೇ ಇರೋದು ಉಂಟು. ಅದು ಯಾರ ತಪ್ಪೂ ಅಲ್ಲ. ಆದರೆ ಮದುವೆಯಾದ ಮೇಲೆ ಬಂದೀತು ಅಂತ ಮುಂದೆ ಹೋದವರಿಗೆ ಅದು ಬರಲೇಬೇಕು ಅಂತೇನಿಲ್ಲ. ನಿಮ್ಮ ಪತ್ರದಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ. ನಾಚಿಕೆಯಿಂದ ಬಿಟ್ಟಿರಬಹುದು. ನನಗೆ ಹೇಳಬೇಕಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲ್ಲ. ಗಂಡನೇ ಅಥವಾ ಹೆಂಡತಿಯೇ ತಮ್ಮ ಖಾಸ್ ದೋಸ್ತ ಅನ್ನುವವರಿಗೆ ಮದುವೆಯಿಂದ ಸಿಗುವ ನೆಮ್ಮದಿ ಉಳಿದವರ ಸುಮಾರು ಎರಡು ಪಟ್ಟು ಅಂತ ಗ್ರೋವರ್ ಮತ್ತು ಹೆಲಿವೆಲ್ ಎಂಬ ಅರ್ಥಶಾಸ್ತ್ರಜ್ಞರು ಬ್ರಿಟನ್ನಿನ ಸಮೀಕ್ಷೆ ಇಟ್ಟುಕೊಂಡು ತೋರಿಸಿದ್ದಾರೆ. ಒಳ್ಳೇದೇ. ಆದರೆ ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳು ಹೇಳಿದ್ದು ನನಗೆ ಈ ಲೆಕ್ಕಕ್ಕಿಂತ ಜಾಸ್ತಿ ನೆನಪಿದೆ. ಅವರೂ ದೋಸ್ತನನ್ನೇ ಮದುವೆಯಾದವರು, ಸುಖವಾಗಿಯೇ ಇದ್ದರು. "ಮೇಡಂ, ಮೊದಲು ಯಾರ ಮೇಲೆ ಸಿಟ್ಟು ಬಂದರೂ ಇವನಿಗೆ ಹೇಳುತ್ತಿದ್ದೆ. ಈಗ ಇವನ ಮೇಲೆ ಸಿಟ್ಟು ಬಂದರೆ ಯಾರಿಗೆ ಹೇಳಲಿ?" ಅಂದರು. ಹನ್ನೊಂದು ವರ್ಷ ಒಬ್ಬನ ಹತ್ತಿರವೇ ಎಲ್ಲಾ ಹೇಳಿಕೊಂಡಿದ್ದೀರಿ. ಅವನು ಹೌದು ಅನ್ನಲಿ, ಇಲ್ಲ ಅನ್ನಲಿ, ನಿಮಗೆ ಇನ್ನೊಬ್ಬ ಗೆಳತಿ ಬೇಕು. ಬ್ಯಾಂಕಿನ ಸಹೋದ್ಯೋಗಿ ಆಗಲಿ, ಹಳೇ ಪಿಯುಸಿ ಗೆಳತಿ ಆಗಲಿ, ಬಿಟ್ಟುಹೋದ ನಂಬರನ್ನು ಹುಡುಕಿ ಫೋನ್ ಮಾಡಿ.

ಕೊನೆಗೆ ಅವನ ತಂಗಿ. ಬೇಡ, ಅವಳಿಗೆ ಮೊದಲು ಹೇಳಬೇಡಿ. ಅವಳು ಕೆಟ್ಟವಳು ಅಂತಲ್ಲ. ನಿಮ್ಮ ಮೇಲಿನ ಪ್ರೀತಿಗೇ, ಖುಷಿ ತಡೆಯಲಾರದೆ, ರೊಟ್ಟಿ ಬಡಿಯುತ್ತಾ ಕೂತ ಅಮ್ಮನ ಮುಂದೆ ಒಂದು ಮಾತು ಬಿಡುತ್ತಾಳೆ. ರಾತ್ರಿ ಮಿಲ್ಲಿನಿಂದ ಬಂದವನಿಗೆ ನಿಮ್ಮ ಮನಸ್ಸು ಅವನ ಅಮ್ಮನ ಬಾಯಿಂದ, ಅವರ ಸಿಟ್ಟಿನ ಜೊತೆ ಸೇರಿ ತಲುಪುತ್ತೆ. ಆಗ ಅವನು ನಿಮಗೆ ಉತ್ತರ ಕೊಡಲ್ಲ, ಮನೆಯವರಿಗೆ ಸಮಜಾಯಿಷಿ ಕೊಡುತ್ತಾನೆ: "ಛೇ, ಹಂಗೇನಿಲ್ಲ, ಬರೇ ದೋಸ್ತಿ." ಒಮ್ಮೆ ಎಲ್ಲರ ಮುಂದೆ ಹಾಗಂದ ಮೇಲೆ, ಅವನಿಗೆ ಮನಸ್ಸಿದ್ದರೂ ಆ ಮಾತನ್ನು ವಾಪಸ್ ತಗೊಳ್ಳೋದು ಅವನಂಥವನಿಗೆ ಬಹಳ ಕಷ್ಟ. ಎಳ್ಳಅಮಾವಾಸ್ಯೆಗೆ ಅವರ ಹೊಲದಲ್ಲಿ ಎಲ್ಲರೂ ಸೇರಿದಾಗ, ಭಜ್ಜಿ ಕಡುಬಿನ ಊಟದ ನಡುವೆ ಹೇಳುವ ಯೋಚನೆ ಇದ್ದರೆ ಅದನ್ನೂ ಬಿಡಿ, ಚರಗ ಚೆಲ್ಲೋಕೆ, ಅಂದರೆ ಹೊಲಕ್ಕೆ ನೈವೇದ್ಯ ಎರಚೋಕೆ, ಬಂದ ಅಷ್ಟೂ ಜನರ ನಡುವೆ ಅವನಿಗೆ ಒಬ್ಬನೇ ಯೋಚಿಸೋಕೆ ಜಾಗ ಇರಲ್ಲ. ಅದಕ್ಕೂ ಹಿಂದಿನ ಭಾನುವಾರ ಹೇಳಿ. ತಂಗಿಗೆ ಅವನು ಹೇಳಲಿ, ಹೇಳಬೇಕು ಅಂತ ಅವನಿಗೆ ಅನಿಸಿದರೆ.